ಬೇಶ ಹತ್ತು, ಮೇ ಹತ್ತು

ಮೇ ಇಪ್ಪತ್ತಾರರ ಬೆಳಿಗ್ಗೆ ಹತ್ತೂಕಾಲಿಗೆ, ಗುರುಪುರ ಹೊಳೆಯ ಉಬ್ಬರ ತಡೆಯುವ ಕಟ್ಟದ ಮೇಲೆ ಕುಳಿತು ಅಕ್ಕ ಕೊಟ್ಟ ಬೆಲ್ಲ ಕಚ್ಚಿ ನೀರು ಕುಡಿಯುತ್ತಿದ್ದಾಗ, ಅದರೊಳಗಿನ ಗದ್ದೆಯಲ್ಲಿ ಎರಡು ವರ್ಷ ಭತ್ತದ ನೇಜಿ, ಅಂದರೆ ನಾಟಿಯ ಸಸಿ, ಸಾಯಲು ಕಾರಣ ನಾನೇ ಎಂಬುದು ನನಗೆ ಗೊತ್ತಾಯಿತು. ಹೊತ್ತನ್ನೂ ಬರೆದಿಟ್ಟಿದ್ದೇನೆ. ಒಳ್ಳೆಯದಾದರೂ ಕೆಟ್ಟದ್ದಾದರೂ ಹೊತ್ತು ಬರೆದಿಡುವುದು ನನ್ನ ಅಭ್ಯಾಸ.

ಇದು ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲದ ಮಾತು. ನನಗೆ ಇಪ್ಪತ್ತಮೂರು ವರ್ಷ. ನಮ್ಮ ಕೃಷಿ ಕಚೇರಿ ಮಂಗಳೂರಿನ ಕೊಟ್ಟಾರದ ಬಾಡಿಗೆ ಮನೆಯೊಂದರಲ್ಲಿತ್ತು, ನಾನು ಅಲ್ಲಿ ತಾತ್ಕಾಲಿಕ ಸಹಾಯಕ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಬರೆಯಬೇಕು. ಆಮೇಲೆ ಸೈಕಲ್ ತುಳಿದು ಕೂಳೂರಿನ ಕಡೆ ಹೋಗಿ ಹೊಳೆಬದಿಯ ಉಪ್ಪುಗದ್ದೆಯ ಪ್ರಯೋಗ ನೋಡಿಕೊಳ್ಳಬೇಕು.

ಗದ್ದೆ ಅಕ್ಕನದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ನಾನು ಮಂಗಳೂರು ಬಂದರಿನ ಮುಸ್ಲಿಂ ಮನೆಯವನಾದ್ದರಿಂದ ಅವರು ನನ್ನನ್ನು ‘ಬ್ಯಾರಿಗಳೇ’ ಎನ್ನುತ್ತಿದ್ದರು. ಮಾತೆಲ್ಲ ತುಳುವಿನಲ್ಲಿ, ಬರೆಯುವಾಗ ಮಾತ್ರ ಕನ್ನಡಕ್ಕೆ ತರುತ್ತಿದ್ದೇನೆ. ಅಕ್ಕನ ಅತ್ತೆ ಒಡೆಯರಿಗೆ ಗೇಣಿ ಕೊಟ್ಟು ಉಳುತ್ತಿದ್ದ ಆ ಭೂಮಿ, ಭೂಸುಧಾರಣೆ ಕಾನೂನಿನಡಿ ಡಿಕ್ಲರೇಶನ್ ಕೊಟ್ಟ ಮೇಲೆ, ಅಕ್ಕನ ಹೆಸರಿಗೆ ಬಂದಿತ್ತು. ಆದರೆ ಹೆಸರಿಗೆ ಬರುವ ಹೊತ್ತಿಗೆ ಹೊಳೆಯ ಕಟ್ಟದಲ್ಲಿದ್ದ ಮರದ ಬಾಗಿಲು ಕೊಳೆತುಹೋಗಿತ್ತು. ಬೇಸಗೆಯ ಉಬ್ಬರಕ್ಕೆ ಸಮುದ್ರದ ನೀರು ಹೊಳೆ ಹತ್ತಿ ಗದ್ದೆಗೆ ನುಗ್ಗುತ್ತಿತ್ತು. ಐದು ವರ್ಷ ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದಿತ್ತು. ನಮ್ಮ ಯೋಜನೆ ಬಂದು ಹಳೆಯ ಹಲಗೆಗಳಿಗೆ ತೇಪೆ ಹಾಕಿ, ಉಪ್ಪು ತಾಳುವ ಊರ ತಳಿಯನ್ನೇ ಅಲ್ಲಿ ಬೆಳೆದು ನೋಡುವುದು ಎಂದಾಯಿತು. ಮೂರು ವರ್ಷದ ಪ್ರಯೋಗ. ಬೆಳೆ ಬಂದರೆ ಹೊಸ ಬಾಗಿಲು. ಬಾರದಿದ್ದರೆ ‘ಭತ್ತಕ್ಕೆ ಅಯೋಗ್ಯ’ ಎಂದು ವರದಿ, ತೇಪೆಯೂ ಬಂದ್, ಗದ್ದೆ ಹೊಳೆಯ ಪಾಲು.

ಎರಡು ವರ್ಷ ನೇಜಿ ಸತ್ತಿತ್ತು. ಇದು ಮೂರನೆಯದು.

ಬೀಜ ಅಕ್ಕನ ಅಟ್ಟದ್ದು. ಹುಲ್ಲು ಸುತ್ತಿದ ಉಂಡೆಯಂಥ ಮುಡಿಯಲ್ಲಿ ಕಟ್ಟಿ, ಒಲೆಯ ಹೊಗೆ ತಾಗುವ ಹಾಗೆ ತೂಗಿಟ್ಟದ್ದು. ಕಪ್ಪು ಹೊಟ್ಟಿನ ಕೆಂಪು ಅಕ್ಕಿ. ಅಕ್ಕ ಅದನ್ನು ‘ಹೊಳೆಬದಿ ಬಿತ್ತು’, ಅಂದರೆ ಹೊಳೆಬದಿಯ ಬೀಜ, ಎನ್ನುತ್ತಿದ್ದರು. ಬೇರೆ ಹೆಸರು ಇತ್ತೋ ಏನೋ, ಹೇಳುವವರು ಉಳಿದಿರಲಿಲ್ಲ. ಪ್ರಯೋಗ ಶುರುವಾಗುವಾಗ ಮೂರು ಮುಡಿ ಇತ್ತು. ಎರಡು ಮುಗಿದಿತ್ತು. ಮೂರನೆಯದರಲ್ಲಿ ಅರ್ಧವನ್ನು ಮೇ ಹತ್ತಕ್ಕೆ ಬಿತ್ತಿ ಆಗಿತ್ತು, ಏಕೆಂದರೆ ಕಚೇರಿಯ ಸುತ್ತೋಲೆ ಹಾಗೆ ಹೇಳಿತ್ತು: ಮೇ ಹತ್ತಕ್ಕೆ ಬಿತ್ತನೆ, ಜೂನ್ ಎಂಟರೊಳಗೆ ನಾಟಿ.

ಆ ಸುತ್ತೋಲೆ ಹುಟ್ಟಿದ್ದು ನನ್ನ ಪಟ್ಟಿಯಿಂದ. ಕೆಲಸಕ್ಕೆ ಸೇರಿದ ವರ್ಷ ಹೊಳೆಯ ಎರಡೂ ದಂಡೆಯ ಮೂವತ್ತೊಂದು ಮನೆಗೆ ಹೋಗಿ, ಹಿಂದೆಲ್ಲ ಯಾವಾಗ ಬಿತ್ತುತ್ತಿದ್ದಿರಿ ಎಂದು ಕೇಳಿ ಬರೆದ ಪಟ್ಟಿ. ಕಚೇರಿಯ ಮುಖ್ಯಸ್ಥರಾದ ಅಧಿಕಾರಿಗಳು ಅದರ ಸರಾಸರಿ ತೆಗೆದರು, ಅಚ್ಚು ಹಾಕಿಸಿದರು. ಅಚ್ಚಾದ ಒಂದು ಪ್ರತಿಯನ್ನು ನಾನು ಮಡಿಸಿ ದಿನಚರಿಯೊಳಗೆ ಇಟ್ಟುಕೊಂಡಿದ್ದೆ.

ಆ ಬೆಳಿಗ್ಗೆ ಆಕಾಶ ಬಿಳಿಚಿಕೊಂಡಿತ್ತು. ಮಳೆಯ ಸುಳಿವಿಲ್ಲ.

“ಮಳೆ ಎಲ್ಲಿಗೆ ಹೋಯ್ತೋ,” ಎಂದರು ಅಕ್ಕ. “ಪತ್ತನಾಜೆ ಕಳೆದು ಎರಡು ದಿನ ಆಯ್ತು. ನಮ್ಮ ಅತ್ತೆ ಇದ್ದಿದ್ರೆ ಬೇಶ ಹತ್ತಕ್ಕೆ ಬಿತ್ತು ನೆನೆಸಿ ಆಗ್ತಿತ್ತು.”

“ಬೇಶ ಹತ್ತು ಕಳೆದು ಹದಿನಾರು ದಿನ ಆಯ್ತಲ್ಲ ಅಕ್ಕ.”

“ಎಂತ ಹದಿನಾರು? ಮೊನ್ನೆ ಅಲ್ವಾ ಮೇಳದವರು ಗೆಜ್ಜೆ ಬಿಚ್ಚಿದ್ದು? ಪತ್ತನಾಜೆ ಅಂದ್ರೇ ಬೇಶ ಹತ್ತು ಮಾರಾಯ್ರೆ. ಬಂದರಲ್ಲಿ ಅದೂ ಗೊತ್ತಿಲ್ವಾ?”

ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸುವ ದಿನ ಪತ್ತನಾಜೆ, ಅದು ನನಗೆ ಗೊತ್ತಿತ್ತು. ಎರಡು ದಿನದ ಹಿಂದೆ, ಮೇ ಇಪ್ಪತ್ತನಾಲ್ಕರಂದು ಆಗಿದೆ ಎಂಬುದೂ ಗೊತ್ತಿತ್ತು. ಅದು ಬೇಶದ ಹತ್ತನೇ ದಿನ ಎಂಬುದು ಗೊತ್ತಿರಲಿಲ್ಲ.

ಬಂದರಿನ ನಮ್ಮ ಹಗ್ಗದ ಅಂಗಡಿಯ ಗೋಡೆಯಲ್ಲಿ ಎರಡು ಲೆಕ್ಕಗಳಿದ್ದವು: ಇಂಗ್ಲಿಷ್ ತಾರೀಖು ಮತ್ತು ಹಿಜರಿ ತಿಂಗಳು. ತುಳು ತಿಂಗಳುಗಳ ಹೆಸರು ಬಾಯಿಪಾಠ ಇತ್ತು. ಬೇಶ ಅಂದರೆ ಮೇ, ಕಾರ್ತೆಲ್ ಅಂದರೆ ಜೂನ್, ಆಟಿ ಅಂದರೆ ಜುಲೈ ಎಂದು ಶಾಲೆಯಲ್ಲಿ ಎಲ್ಲರೂ ಹೇಳುವ ಹಾಗೆ ನಾನೂ ಹೇಳುತ್ತಿದ್ದೆ. ಆದರೆ ತುಳು ತಿಂಗಳು ಶುರುವಾಗುವುದು ಸಂಕ್ರಮಣದಿಂದ. ಮೇ ಅರ್ಧ ಕಳೆದ ಮೇಲೆ ಬೇಶ ಹುಟ್ಟುತ್ತದೆ. ಮೂವತ್ತೊಂದು ಮನೆಯವರು ‘ಬೇಶ ಹತ್ತು’, ‘ಬೇಶ ಎಂಟು’, ‘ಬೇಶ ಹನ್ನೆರಡು’ ಎಂದಿದ್ದರು. ನಾನು ಮೇ ಹತ್ತು, ಮೇ ಎಂಟು, ಮೇ ಹನ್ನೆರಡು ಎಂದು ಅಂದವಾದ ಅಕ್ಷರದಲ್ಲಿ ಬರೆದಿದ್ದೆ. ಘಟ್ಟದ ಮೇಲಿನವನಾಗಿದ್ದರೆ ‘ಬೇಶ ಅಂದರೇನು?’ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಊರಿನವನು ನಾನು, ನನಗೆ ಗೊತ್ತಿತ್ತಲ್ಲ.

“ಎರಡು ವರ್ಷ ನೀವು ಯಾಕೆ ಹೇಳ್ಲಿಲ್ಲ ಅಕ್ಕ, ಮೇ ಹತ್ತು ಬೇಗ ಆಯ್ತು ಅಂತ?”

“ನಿಮ್ಮದು ಹೊಸ ಕ್ರಮ ಅಂತ ಗ್ರಹಿಸಿದೆ. ಅಚ್ಚು ಹಾಕಿದ ಕಾಗದ ಬೇರೆ. ಅಚ್ಚಿನ ಕಾಗದಕ್ಕೆ ನಾನು ಎದುರು ಮಾತಾಡ್ಲಿಕ್ಕುಂಟಾ?”

ಹದಿನಾಲ್ಕು ದಿನದ ವ್ಯತ್ಯಾಸ ಬೇರೆ ಗದ್ದೆಯಲ್ಲಾದರೆ ನಡೆದುಹೋಗುತ್ತಿತ್ತೇನೋ. ಉಪ್ಪುಗದ್ದೆಯಲ್ಲಿ ನಡೆಯುವುದಿಲ್ಲ. ಬೇಸಗೆಯ ಉಪ್ಪನ್ನು ಮಳೆ ತೊಳೆದ ಮೇಲೆಯೇ ನೇಜಿ ಇಳಿಯಬೇಕು. ಅದೂ ಆ ಮೂರು ವರ್ಷ ಮಳೆ ತಡವಾಗಿಯೇ ಬರುತ್ತಿತ್ತು. ಬಂದದ್ದೂ ನಾಲ್ಕು ದಿನ ಸುರಿದು, ಹತ್ತು ದಿನ ಮುಖ ತೋರಿಸದೆ ಇರುತ್ತಿತ್ತು. ಹವೆಯೇ ಬದಲಾಗುತ್ತಿದೆ ಎಂದು ಆಗ ನಮ್ಮ ಕಚೇರಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಈ ಸಲದ ಮಳೆ ಹೀಗೆ’ ಎನ್ನುತ್ತಿದ್ದರು. ನನ್ನ ದಿನಚರಿಯಲ್ಲಿ ಆ ‘ಈ ಸಲ’ ಮೂರನೇ ಸಲ ಬಂದಿತ್ತು.

ಮರುದಿನ ಅಧಿಕಾರಿಗಳ ಮೇಜಿನ ಮುಂದೆ ನಿಂತೆ. ಕೆಟ್ಟ ಮನುಷ್ಯರಲ್ಲ, ನಮ್ಮೂರಿನವರೇ. ಮಧ್ಯಾಹ್ನ ಊಟಕ್ಕೆ ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು.

“ಸಾರ್, ನನ್ನ ಪಟ್ಟಿ ತಪ್ಪು.”

“ಎಷ್ಟು ತಪ್ಪು?”

“ಹದಿನಾಲ್ಕು ದಿನ.”

“ಎಷ್ಟು ಸಾಲಿನಲ್ಲಿ?”

“ಮೂವತ್ತೊಂದರಲ್ಲೂ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಂದೆರಡಾದ್ರೆ ತಿದ್ದಬಹುದಿತ್ತು ಮಾರಾಯ. ಮೂವತ್ತೊಂದೂ ತಪ್ಪಾದ್ರೆ ಅದು ತಪ್ಪಲ್ಲ, ಕಚೇರಿಯ ಅಭಿಪ್ರಾಯ. ಎರಡು ವರ್ಷದ ವರದಿ ಮೇಲೆ ಹೋಗಿ ಆಗಿದೆ. ಈಗ ಬೇಶ, ಕಾರ್ತೆಲ್ ಅಂತ ಬರೆದ್ರೆ ನಗ್ತಾರೆ.”

“ನಗಲಿ ಸಾರ್. ಉಳಿದ ಅರ್ಧ ಮುಡಿಯನ್ನು ಈಗ ಬಿತ್ತಬೇಕು. ಮೊದಲಿನ ನೇಜಿಯನ್ನು ಜೂನ್ ಎಂಟಕ್ಕೆ ನೆಟ್ಟರೆ ಸಾಯ್ತದೆ.”

“ಸುತ್ತೋಲೆ ಬಿಟ್ಟು ಬಿತ್ತಿದ್ರೆ ಅದು ಪ್ರಯೋಗಕ್ಕೆ ಸೇರುವುದಿಲ್ಲ. ನಿನ್ನ ಕೆಲಸದ ಆದೇಶ ಮಾರ್ಚಿಗೆ ಮುಗೀತದೆ, ಅದೂ ನೆನಪಿರಲಿ.”

ಹೊರಗೆ ಬಂದು ಎರಡು ಪ್ರತಿ ಬರೆದೆ: ಪಟ್ಟಿ ತಪ್ಪು, ತಪ್ಪು ನನ್ನದು, ಸುತ್ತೋಲೆ ಹಿಂದೆ ತೆಗೆದುಕೊಳ್ಳಬೇಕು, ಉಳಿದ ಬೀಜವನ್ನು ನಾನು ಬಿತ್ತಿಸುತ್ತಿದ್ದೇನೆ. ಟಪಾಲು ನೋಡುವ ಗುಮಾಸ್ತರು ಓದಿ ತಲೆಯೆತ್ತಿದರು.

“ದೂರು ಯಾರ ಮೇಲೆ?”

“ನನ್ನ ಮೇಲೆ.”

“ಕೊಟ್ಟವರು?”

“ನಾನೇ.”

“ಇಂಥದ್ದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ,” ಎಂದು ಗೊಣಗುತ್ತಲೇ ಮುದ್ರೆ ಒತ್ತಿ ಒಂದು ಪ್ರತಿ ವಾಪಸು ಕೊಟ್ಟರು.

ಅಂದು ಸಂಜೆ ಅಕ್ಕ ಅಟ್ಟದಿಂದ ಅರ್ಧ ಮುಡಿ ಇಳಿಸಿದರು. ಅದನ್ನು ಕೇಳುವ ಮೊದಲು ನನ್ನ ತಪ್ಪನ್ನು ಪೂರ್ತಿ ಹೇಳಿದ್ದೆ. ಅವರು ಮುಡಿಯನ್ನು ಎರಡೂ ಕೈಯಿಂದ ಎತ್ತಿ ತೂಗಿ ನೋಡಿದರು. ಆಮೇಲೆ, “ಎರಡು ಮುಡಿ ಬಿತ್ತು ನುಂಗಿದ್ರಿ ಅಲ್ವಾ ಬ್ಯಾರಿಗಳೇ,” ಎಂದರು. “ಇದೂ ಹೋದ್ರೆ ಬೀಜವೇ ಇಲ್ಲ. ತಲೆಯಲ್ಲಿಟ್ಟುಕೊಳ್ಳಿ,” ಎಂದು ಗಂಟು ಬಿಚ್ಚಿದರು. ಬಾವಿಯ ಸಿಹಿ ನೀರಲ್ಲಿ ಒಂದು ದಿನ ನೆನೆಸಿ, ಗೋಣಿಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿ ಮೊಳಕೆ ಬರಿಸಿ, ಮೇ ಮೂವತ್ತಕ್ಕೆ ಮನೆಯ ಹಿಂದಿನ ಎತ್ತರದ ಜಾಗದಲ್ಲಿ, ಮೊದಲ ಪಾತಿಯ ಪಕ್ಕದಲ್ಲೇ ಬಿತ್ತಿದೆವು.

ಉಪ್ಪು ಅಳೆಯುವುದಕ್ಕೆ ನನ್ನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇತ್ತು. ಗದ್ದೆಯ ನೀರನ್ನು ಗಾಜಿನ ಕೊಳವೆಯಲ್ಲಿ ಗೆರೆಯವರೆಗೆ ತುಂಬಬೇಕು, ಹಳದಿ ದ್ರಾವಣ ಎರಡು ಹನಿ ಬಿಡಬೇಕು, ಆಮೇಲೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಟ್ಟು ಅಲುಗಾಡಿಸುತ್ತಾ ಹೋಗಬೇಕು. ಒಂದೊಂದು ಹನಿಗೂ ಕೆಂಪು ಮಿಂಚಿ ಮಾಯವಾಗುತ್ತದೆ. ಮಂಗಳೂರು ಹೆಂಚಿನ ಕೆಂಪು ನಿಂತೇಬಿಟ್ಟಿತು ಎಂದರೆ ಮುಗಿಯಿತು. ಎಷ್ಟು ಹನಿ ಬಿತ್ತೋ ಅಷ್ಟು ಉಪ್ಪು. ಅಕ್ಕನ ಬಾವಿಯ ನೀರು ಎರಡೇ ಹನಿ. ನೇಜಿ ಎಷ್ಟು ತಾಳುತ್ತದೆ ಎಂದು ಕಚೇರಿಯ ಹಿತ್ತಿಲಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ನೆಟ್ಟು ನೋಡಿದ್ದೆ. ಹದಿನಾಲ್ಕು ಹನಿಯವರೆಗೆ ನಿಲ್ಲುತ್ತಿತ್ತು. ಹದಿನೆಂಟಕ್ಕೆ ತುದಿ ಸುಡುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಒಂದು ವಾರದೊಳಗೆ ಸಾಯುತ್ತಿತ್ತು.

ಅಕ್ಕನಲ್ಲಿ ಪೆಟ್ಟಿಗೆ ಇರಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದರು. “ಗಂಜಿಗೆ ಉಪ್ಪು ಹಾಕಿದ ಹಾಗಿದ್ರೆ ನೇಜಿ ಬೇಡ. ಹಾಕ್ಲಿಕ್ಕೆ ಮರೆತ ಹಾಗಿರ್ಬೇಕು.” ಹಿಂದಿನ ವರ್ಷ ಇಬ್ಬರೂ ಒಂದೇ ನೀರನ್ನು ಹನ್ನೊಂದು ಸಲ ನೋಡಿದ್ದೆವು. ಒಂಬತ್ತು ಸಲ ಅವರ ನಾಲಿಗೆಯೂ ನನ್ನ ಹನಿಯೂ ಒಂದೇ ಮಾತು ಹೇಳಿದ್ದವು. ಉಳಿದ ಎರಡು ಸಲ ಅವರು ವೀಳ್ಯ ಹಾಕಿಕೊಂಡಿದ್ದರು.

ಜೂನ್ ಐದಕ್ಕೆ ಮಳೆ ತಟಪಟ ಶುರುವಾಯಿತು. ಎಂಟರ ಬೆಳಿಗ್ಗೆ ನೀರು ಅಳೆದೆ: ಮೂವತ್ತೊಂದು ಹನಿ. ಹತ್ತು ಗಂಟೆಗೆ ಅಧಿಕಾರಿಗಳು ಜೀಪಿನಲ್ಲಿ ಬಂದರು. ನೇಜಿ ಕೀಳಲು ನಾಲ್ವರು ಹೆಂಗಸರಿಗೂ ಹೇಳಿ ಕಳಿಸಿದ್ದರು.

“ಮೂವತ್ತೊಂದು ಹನಿ ಉಂಟು ಸಾರ್. ಇವತ್ತು ನೆಡುವುದು ಬೇಡ.”

“ಇವತ್ತು ತಾರೀಖು ಎಂಟು.”

“ಗದ್ದೆಗೆ ತಾರೀಖು ಗೊತ್ತಿಲ್ಲ.”

ಇಷ್ಟು ಜೋರಾಗಿ ನಾನು ಎಂದೂ ಮಾತಾಡಿದವನಲ್ಲ. ಅಧಿಕಾರಿಗಳ ಮುಖ ಕೆಂಪಾಯಿತು. “ನಿನಗೆ ಗೊತ್ತಾ? ನಿನಗೆ ಗೊತ್ತಿದ್ದದ್ದು ಎಷ್ಟು ಅಂತ ಮೂವತ್ತೊಂದು ಸಾಲಿನಲ್ಲಿ ನೋಡಿದ್ದೇವೆ!”

ಆಗ ಅಕ್ಕ ಗದ್ದೆಬದುವಿನ ಹುಣಿಯ ಮೇಲೆ ಮುಂದೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಸಾರೇ, ಬಾಗಿಲ ತೇಪೆ ನಿಮ್ಮದು, ಕಾಗದ ನಿಮ್ಮದು. ಗದ್ದೆ ಯಾರದ್ದು?”

“ನಿಮ್ಮದೇ. ಯಾರು ಇಲ್ಲ ಅಂದ್ರು?”

“ಹಾಗಾದ್ರೆ ಆ ಮೂಲೆಯ ಒಂದು ಪಟ್ಟಿ ಬಿಟ್ಟುಕೊಡ್ತೇನೆ. ನಿಮ್ಮ ಮೇ ಹತ್ತರ ನೇಜಿ ಅಲ್ಲಿ ನೆಡಿ. ಬಾಕಿ ಗದ್ದೆಗೆ ಇವತ್ತು ಯಾರೂ ಕಾಲಿಡುವುದು ಬೇಡ. ಡಿಕ್ಲರೇಶನಿಗೆ ಐದು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದ್ದೇನೆ. ಜೀಪಿಗೆ ಹೆದರುವವಳಲ್ಲ.”

ನೇಜಿಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಒಂದು ಪಟ್ಟಿ ನೆಟ್ಟರು. ಜೀಪು ಹೋಯಿತು. ಜೂನ್ ಹದಿನೈದಕ್ಕೆ ನನಗೆ ಕಾರಣ ಕೇಳುವ ಮೆಮೊ ಬಂತು. ಮೇಲಧಿಕಾರಿಯ ಆದೇಶ ಮೀರಿದ್ದು ಯಾಕೆಂದು ಏಳು ದಿನದಲ್ಲಿ ತಿಳಿಸಬೇಕು. ನಾನು ಉತ್ತರವಾಗಿ ಹನಿಗಳ ಪಟ್ಟಿಯನ್ನು ಬರೆದು ಕಳಿಸಿದೆ, ಅದಕ್ಕಿಂತ ಹೆಚ್ಚು ಒಂದು ವಾಕ್ಯವನ್ನೂ ಸೇರಿಸಲಿಲ್ಲ.

ಮಳೆ ಹನ್ನೆರಡಕ್ಕೇ ನಿಂತುಹೋಗಿತ್ತು. ಮಳೆಮಾಪಕದಲ್ಲಿ ದಿನವೂ ಸೊನ್ನೆ. ಮೂಲೆಯ ಪಟ್ಟಿಯ ನೇಜಿ ಮೊದಲು ತುದಿಯಲ್ಲಿ ಬೆಳ್ಳಗಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು, ಇಪ್ಪತ್ತರ ಹೊತ್ತಿಗೆ ಒಣಹುಲ್ಲು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಅದೂ ಅಟ್ಟದಿಂದ ಇಳಿಸಿದ ಬೀಜವೇ.

ಅದಕ್ಕಿಂತ ಕೆಟ್ಟದ್ದು ಹದಿನೆಂಟಕ್ಕೆ ಆಯಿತು. ಹುಣ್ಣಿಮೆಯ ಉಬ್ಬರಕ್ಕೆ ಕಟ್ಟದ ಬುಡದ ಏಡಿಬಿಲವೊಂದು ಬಾಯಿ ಬಿಟ್ಟು ಹೊಳೆ ಒಳಗೆ ಹರಿಯಿತು. ಬೆಳಿಗ್ಗೆ ಹೋದಾಗ ಗದ್ದೆಯಿಡೀ ಹೊಳೆಯ ಬಣ್ಣ. ನಲವತ್ತನಾಲ್ಕು ಹನಿ. ಇಳಿತ ಬರುವುದನ್ನು ಕಾದು, ಅಕ್ಕ, ನಾನು, ಪಕ್ಕದ ಗದ್ದೆಯ ಇಬ್ಬರು ಸೊಂಟದವರೆಗೆ ನೀರಲ್ಲಿ ನಿಂತು ಆವೆಮಣ್ಣಿಗೆ ಹುಲ್ಲು ಬೆರೆಸಿ ಬಿಲಕ್ಕೆ ಜಡಿದೆವು. ಒಂದು ಏಡಿ ನನ್ನ ಹೆಬ್ಬೆರಳು ಹಿಡಿಯಿತು.

“ನಿಮ್ಮ ಮೆಮೊ ಬಂತು ನೋಡಿ ಬ್ಯಾರಿಗಳೇ,” ಎಂದರು ಅಕ್ಕ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಎರಡನೇ ನೇಜಿಗೆ ಜೂನ್ ಇಪ್ಪತ್ತೇಳಕ್ಕೆ ಇಪ್ಪತ್ತೆಂಟು ದಿನ ತುಂಬುತ್ತಿತ್ತು. ಪುಸ್ತಕದ ಪ್ರಕಾರ ಅದು ನಾಟಿಯ ದಿನ. ದಿನಚರಿಯಲ್ಲಿ ತಿಂಗಳ ಮೊದಲೇ ಅದಕ್ಕೆ ಕೆಂಪು ಸುತ್ತು ಹಾಕಿದ್ದೆ, ಹೆಂಗಸರಿಗೂ ಹೇಳಿ ಆಗಿತ್ತು. ಇಪ್ಪತ್ತನಾಲ್ಕರ ಸಂಜೆ ಕೊನೆಗೂ ಮಳೆ ಹಿಡಿಯಿತು. ಬಾಗಿಲು ಎತ್ತಿ ಇಳಿತಕ್ಕೆ ನೀರು ಬಿಟ್ಟೆವು, ಉಬ್ಬರಕ್ಕೆ ಮುಚ್ಚಿದೆವು. ಇಪ್ಪತ್ತೈದಕ್ಕೆ ಮೂವತ್ತೆಂಟು ಹನಿ, ಇಪ್ಪತ್ತಾರಕ್ಕೆ ಮೂವತ್ತನಾಲ್ಕು. ಮರುದಿನ ನಾಟಿ. ಮುಂದೂಡಿದರೆ ನೇಜಿ ಮುದಿಯಾಗುತ್ತದೆ, ನೆಟ್ಟರೆ ಸುಡುತ್ತದೆ. ಬೇಶ ಹತ್ತರ ಲೆಕ್ಕದಲ್ಲಿ ನಡೆದರೂ ಆಗಲಿಲ್ಲವಲ್ಲ ಎಂದು ಕಂಗಾಲಾಗಿ ಸಂಜೆ ಅಂಗಡಿಗೆ ಬಂದೆ.

ತಂದೆ ಹಗ್ಗ ಸುತ್ತುತ್ತಿದ್ದರು. ರಂಜಾನ್ ಉಪವಾಸದ ನೋಂಬಿಗೆ ಒಂದು ವಾರ ಇತ್ತು. ಸಿಲ್ವರ್ ನೈಟ್ರೇಟಿನಿಂದ ಕಪ್ಪಾದ ನನ್ನ ಬೆರಳುಗಳನ್ನು ನೋಡಿ ದಿನವೂ ಒಂದು ಮಾತು ಹೇಳುವುದು ಅವರ ರೂಢಿ. ಅಂದು ನಾನೇ ಮೊದಲು ಕೇಳಿದೆ.

“ನೋಂಬು ಯಾವತ್ತು ಶುರು? ಮೂರಕ್ಕಾ, ನಾಲ್ಕಕ್ಕಾ?”

“ಅದನ್ನು ಈಗಲೇ ಹೇಗೆ ಹೇಳುವುದು ಮೋನೆ? ಚಂದ್ರ ಕಾಣ್ಬೇಕು.”

“ಈ ಮೋಡದಲ್ಲಿ ಎಲ್ಲಿ ಕಾಣ್ತದೆ?”

“ಇಲ್ಲಿ ಕಾಣದಿದ್ರೆ ಎಲ್ಲಿ ಕಂಡಿತೋ ಅಲ್ಲಿಂದ ಸುದ್ದಿ ಬರ್ತದೆ. ಎಲ್ಲಿಯೂ ಕಾಣದಿದ್ರೆ ತಿಂಗಳು ಮೂವತ್ತು ತುಂಬಿಸುವುದು. ಗೋಡೆಯ ಕ್ಯಾಲೆಂಡರ್ ಏನೋ ಹೇಳ್ತದೆ, ಅದನ್ನು ನೋಡಿ ಯಾರಾದ್ರೂ ನೋಂಬು ಹಿಡೀತಾರಾ? ಇದೆಂಥ ಪ್ರಶ್ನೆ ನಿನ್ನದು, ಈ ಮನೆಯಲ್ಲಿ ಹುಟ್ಟಿ?”

ಅವರು ಹಗ್ಗದ ಕಡೆ ತಿರುಗಿದರು. ನಾನು ಅಲ್ಲೇ ಸುರುಳಿಯ ಮೇಲೆ ಕುಳಿತೆ. ಮೇ ಹತ್ತನ್ನು ಹೊಡೆದುಹಾಕಿ ಮೇ ಇಪ್ಪತ್ತನಾಲ್ಕು ಬರೆದರೆ ತಪ್ಪು ತಿದ್ದಿದ ಹಾಗೆ ಎಂದು ಒಂದು ತಿಂಗಳಿಂದ ನಂಬಿದ್ದೆ. ಅಕ್ಕನ ಅತ್ತೆಯ ಕಾಲದಲ್ಲಿ ಬೇಶ ಹತ್ತಕ್ಕೆ ಅರ್ಥವಿತ್ತು, ಏಕೆಂದರೆ ಆಗ ಮಳೆ ಅದರ ಹಿಂದೆಯೇ ಬರುತ್ತಿತ್ತು. ಈಗ ಮಳೆಯೇ ಜಾಗ ಬದಲಿಸುತ್ತಿದೆ. ಯಾವ ತಾರೀಖು ಬರೆದರೂ ಅದು ಇನ್ನೊಂದು ಮೇ ಹತ್ತೇ.

ಇಪ್ಪತ್ತೇಳರ ಬೆಳಿಗ್ಗೆ ಹೆಂಗಸರು ಬಂದು ನಿಂತರು. ಮೂವತ್ತು ಹನಿ.

“ಇವತ್ತು ಇಲ್ಲ,” ಎಂದೆ.

“ಮತ್ತೆ ಯಾವತ್ತು?”

“ಗೊತ್ತಿಲ್ಲ. ದಿನ ಹೇಳುವುದಿಲ್ಲ. ನೀರು ಸರಿಯಾದಾಗ ಕರೀತೇನೆ.”

“ಜೀಪಿನವರು ದಿನ ಹೇಳ್ತಾರೆ, ನೀರು ನೋಡುವುದಿಲ್ಲ. ಇವರು ನೀರು ನೋಡ್ತಾರೆ, ದಿನ ಹೇಳುವುದಿಲ್ಲ. ಒಟ್ಟಿನಲ್ಲಿ ನಮಗೆ ನಡೆದದ್ದೇ ಬಂತು!” ಎಂದಳು ಜೂನ್ ಎಂಟಕ್ಕೆ ನಕ್ಕವಳು.

ಅಕ್ಕ ನನ್ನ ಮುಖ ನೋಡಿದರು. “ನೇಜಿ ಮುದಿಯಾಗ್ತದೆ ಬ್ಯಾರಿಗಳೇ.”

“ಆಗಲಿ ಅಕ್ಕ. ಮುದಿಯಾದದ್ದು ಬದುಕಬಹುದು. ಸತ್ತದ್ದು ಬದುಕುವುದಿಲ್ಲ. ಬುಡಕ್ಕೆ ಎರಡು ಹೆಚ್ಚು ಸಸಿ ಇಟ್ಟು ನೆಡುವ.”

ಅವರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಉಗುಳಿದರು. “ಇನ್ನೂ ಉಪ್ಪುಂಟು. ಕಾಯುವ.”

ಅಮಾವಾಸ್ಯೆ ಹತ್ತಿರವಾದ್ದರಿಂದ ಇಳಿತ ಆಳಕ್ಕೆ ಹೋಗುತ್ತಿತ್ತು, ಗದ್ದೆಯ ನೀರು ಸೊರ್ರೆಂದು ಹೊಳೆಗೆ ಇಳಿಯುತ್ತಿತ್ತು. ಮೇಲಿಂದ ಮಳೆ ಮತ್ತೆ ತುಂಬುತ್ತಿತ್ತು. ಇಪ್ಪತ್ತೆಂಟು: ಇಪ್ಪತ್ತೈದು ಹನಿ. ಇಪ್ಪತ್ತೊಂಬತ್ತು: ಇಪ್ಪತ್ತೊಂದು. ಮೂವತ್ತು: ಹದಿನೇಳು. ಅಂದು ಕಚೇರಿಯಿಂದ ಮತ್ತೊಂದು ಚೀಟಿ: ನಾಟಿ ಆಗಿಲ್ಲವೇಕೆ? ಅದರ ಹಿಂಭಾಗದಲ್ಲೇ ‘ಹದಿನೇಳು’ ಎಂದು ಬರೆದು ವಾಪಸು ಕಳಿಸಿದೆ. ಜುಲೈ ಒಂದಕ್ಕೆ ಹದಿನಾಲ್ಕು. ಎರಡರ ಬೆಳಿಗ್ಗೆ ಹನ್ನೆರಡನೇ ಹನಿಗೆ ಕೊಳವೆಯಲ್ಲಿ ಕೆಂಪು ನಿಂತಿತು.

“ಗಂಜಿಗೆ ಉಪ್ಪು ಮರೆತಿದೆ,” ಎಂದರು ಅಕ್ಕ.

ಮೂವತ್ತಮೂರು ದಿನದ ನೇಜಿ. ಸುರಿಯುವ ಮಳೆಯಲ್ಲಿ ಸಂಜೆ ಐದರೊಳಗೆ ನೆಟ್ಟು ಮುಗಿಸಿದರು. ಎರಡು ದಿನ ಬಿಟ್ಟು ನೋಂಬು ಹಿಡಿದು ಹೋದಾಗ ಒಂದು ಗೇಣು ನೀರಿನ ಮೇಲೆ ಸಸಿಗಳು ನೆಟ್ಟಗೆ ನಿಂತಿದ್ದವು. ಹದಿನೈದು ದಿನ ಎಣಿಸಿದೆ. ದಿನವೂ ನೂರು ಬುಡ, ಬೇರೆ ಬೇರೆ ಮೂಲೆಯಲ್ಲಿ. ಹೆಚ್ಚೆಂದರೆ ಏಳು ಸತ್ತಿದ್ದವು.

ನವೆಂಬರ್ ನಾಲ್ಕಕ್ಕೆ ಕೊಯ್ಲು. ಅಧಿಕಾರಿಗಳು ತಾವೇ ಬಂದು ಚೌಕಟ್ಟು ಇಟ್ಟು ಕೊಯ್ಯಿಸಿ ತೂಗಿದರು. ಎರಡನೇ ಸಲವೂ ತೂಗಿಸಿದರು. ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ, ಕೆಂಪು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು, “ಒಳ್ಳೆಯದುಂಟು,” ಎಂದಷ್ಟೇ ಹೇಳಿ ಜೀಪು ಹತ್ತಿದರು. ಅಕ್ಕ ಬೀಜಕ್ಕೆಂದು ನಾಲ್ಕು ಮುಡಿ ಬೇರೆ ತೆಗೆದರು.

ಎಲ್ಲ ಮುಗಿಯಿತು ಎಂದುಕೊಂಡೆ. ಡಿಸೆಂಬರಿನಲ್ಲಿ ಕೊನೆಯ ವರದಿಯ ಫಾರಂ ಬಂತು. ತಳಿ ಯೋಗ್ಯವೇ? ಯೋಗ್ಯ. ಕಟ್ಟದ ಬಾಗಿಲಿಗೆ ಶಿಫಾರಸು? ಹೌದು. ಮೂರನೇ ಕಾಲಂ: ಶಿಫಾರಸು ಮಾಡುವ ಬಿತ್ತನೆ ಮತ್ತು ನಾಟಿ ದಿನಾಂಕ.

ನಾನು ಬರೆದೆ: ಬೀಜವನ್ನು ಒಂದೇ ಸಲ ಬಿತ್ತಬಾರದು, ಮೂರು ಪಾಲು ಮಾಡಿ ಹತ್ತು ದಿನಕ್ಕೊಂದರಂತೆ ಹಾಕಬೇಕು, ಮಳೆ ಯಾವಾಗ ಬಂದರೂ ಒಂದು ಪಾಲು ಹದಕ್ಕಿರುತ್ತದೆ. ಗದ್ದೆಯ ನೀರು ಸತತ ಎರಡು ದಿನ ಹದಿನಾಲ್ಕು ಹನಿ ಅಥವಾ ಕಡಿಮೆ ಬಂದ ಮೇಲೆ ನಾಟಿ. ಅಳೆಯಲಾಗದವರು, ನೀರು ಉಪ್ಪು ಹಾಕಲು ಮರೆತ ಗಂಜಿಯ ರುಚಿಗೆ ಬಂದ ಮೇಲೆ.

“ಗಂಜಿ?” ಎಂದರು ಅಧಿಕಾರಿಗಳು. “ಬೆಂಗಳೂರಿಗೆ ಗಂಜಿ ಕಳಿಸ್ತೀಯಾ? ಮಾರಾಯ, ಅಲ್ಲಿ ಕಾಲಂನಲ್ಲಿ ತಾರೀಖು ಇಲ್ಲದಿದ್ರೆ ಫೈಲು ಅಲ್ಲೇ ಕೂತುಕೊಳ್ತದೆ. ಒಂದು ತಾರೀಖು ಬರಿ. ಯಾವುದಾದ್ರೂ. ನಿನ್ನ ಅಕ್ಕನಿಗೆ ಬಾಗಿಲು ಬರ್ತದೆ.”

“ಯಾವುದಾದ್ರೂ ಬರೆದದ್ದರಿಂದಲೇ ಸಾರ್ ಇಷ್ಟೆಲ್ಲ ಆದದ್ದು.”

“ಆಗ ತಪ್ಪು ಬರೆದಿದ್ದಿ. ಈಗ ಸರಿಯಾದದ್ದು ಬರಿ. ಜುಲೈ ಎರಡು. ನೀನೇ ನೆಟ್ಟ ದಿನ.”

ಫಾರಂ ಹಿಡಿದು ಎದ್ದೆ. ನನ್ನ ಹಟದ ಬೆಲೆ ನನ್ನದಾಗಿದ್ದರೆ ಅಲ್ಲೇ ಹೇಳಿ ಮುಗಿಸುತ್ತಿದ್ದೆ. ಬಾಗಿಲು ನನ್ನದಲ್ಲ. ಸೈಕಲ್ ತುಳಿದು ಹೋಗಿ ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ತಾರೀಖು ಬರೆದರೆ ಬಾಗಿಲು ಖಂಡಿತ, ಬರೆಯದಿದ್ದರೆ ಬರಬಹುದು, ಬಾರದಿರಲೂಬಹುದು.

ಅಕ್ಕ ಅಂಗಳದಲ್ಲಿ ಮುಡಿಗೆ ಹುಲ್ಲಿನ ಹಗ್ಗ ಬಿಗಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಅಚ್ಚು ಹಾಕ್ತಾರಾ ಅದನ್ನು?”

“ಹಾಕ್ತಾರೆ. ಮೂವತ್ತೊಂದು ಮನೆಗೂ ಕೊಡ್ತಾರೆ.”

“ಅಂದ್ರೆ ಬಾಗಿಲು ನನಗೆ, ತಾರೀಖು ಅವರಿಗೆ.” ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಹಾಕಿದರು. “ಅವರು ಅಚ್ಚಿನ ಕಾಗದಕ್ಕೆ ಎದುರು ಮಾತಾಡುವವರಲ್ಲ. ನಾನೇ ಎರಡು ವರ್ಷ ಮಾತಾಡ್ಲಿಲ್ಲ. ಬರೀಬೇಡಿ ಬ್ಯಾರಿಗಳೇ.”

“ಬಾಗಿಲು ಬಾರದಿದ್ರೆ?”

“ಬಾರದಿದ್ರೆ ಏಡಿಬಿಲಕ್ಕೆ ಮಣ್ಣು ಹಾಕ್ಲಿಕ್ಕೆ ನನಗೂ ಗೊತ್ತುಂಟು, ನಿಮಗೂ ಗೊತ್ತುಂಟು. ಬರೀಬೇಡಿ ಅಂದೆ ಅಲ್ವಾ?”

ಫಾರಂ ಹಾಗೆಯೇ ಕೊಟ್ಟೆ. ಅಧಿಕಾರಿಗಳು ವಾಪಸು ಕೊಟ್ಟರು. ಮರುದಿನ ಮತ್ತೆ ಅದೇ ಅಕ್ಷರ, ಅದೇ ಗಂಜಿ. ಮತ್ತೆ ವಾಪಸು. ಮೂರನೇ ಸಲ, “ನೀವು ತಾರೀಖು ಹಾಕಿದ್ರೆ ನನ್ನ ಸಹಿ ಇರುವುದಿಲ್ಲ ಸಾರ್,” ಎಂದು ಹೇಳಿ ಮೇಜಿನ ಮೇಲಿಟ್ಟು ಬಂದೆ. ಒಂಬತ್ತು ದಿನ ಅದು ಅವರ ಮೇಜಿನ ಮೇಲೆಯೇ ಇತ್ತು. ಹತ್ತನೇ ದಿನ ಟಪಾಲಿನ ಗುಮಾಸ್ತರು ನನ್ನನ್ನು ಕರೆದು, ಮೇಲೆ ಹೋಗುವ ಪತ್ರವನ್ನು ಲಕೋಟೆಗೆ ಹಾಕುವ ಮೊದಲು ತೋರಿಸಿದರು. ಅಧಿಕಾರಿಗಳದೇ ಕೈಬರಹ. ಕೊನೆಯ ಸಾಲು ಹೀಗಿತ್ತು: ‘ದಿನಾಂಕದ ಕಾಲಂನಲ್ಲಿ ದಿನಾಂಕ ಇಲ್ಲದಿರುವುದು ಕಣ್ತಪ್ಪಿನಿಂದಲ್ಲ. ಹಿಂದಿನ ಸುತ್ತೋಲೆಯನ್ನು ಈ ಮೂಲಕ ಹಿಂದೆಗೆದುಕೊಳ್ಳಲಾಗಿದೆ.’

ಜನವರಿ ಪೂರ್ತಿ ಉತ್ತರ ಬರಲಿಲ್ಲ. ಫೆಬ್ರವರಿ ಮೊದಲ ವಾರ ಎರಡು ಆದೇಶ ಒಟ್ಟಿಗೆ ಬಂದವು. ನನ್ನ ಕೆಲಸ ಮಾರ್ಚಿನ ನಂತರ ಮುಂದುವರಿಯುವುದಿಲ್ಲ ಎಂದು ಒಂದು. ಬಾಗಿಲು ಮಂಜೂರು ಎಂದು ಇನ್ನೊಂದು. ನಾನು ಎರಡನೆಯದನ್ನು ಮೊದಲು ಓದಿದೆ.

ಫೆಬ್ರವರಿ ಇಪ್ಪತ್ತಮೂರರ ಬೆಳಿಗ್ಗೆ ಇಳಿತದಲ್ಲಿ ಬಡಗಿಗಳು ಹಳೆಯ ಹಲಗೆ ಕಿತ್ತು, ಹೊಸ ಬಾಗಿಲನ್ನು ಕಲ್ಲಿನಲ್ಲಿ ಕೊರೆದ ಸಂದಿಗೆ ಇಳಿಸಿದರು. ದಂಡೆಯ ಇಪ್ಪತ್ತಾರು ಮನೆಯವರು ನೋಡಲು ಬಂದಿದ್ದರು, ಎಣಿಸಿದ್ದೇನೆ. ಹನ್ನೊಂದೂವರೆಗೆ ಉಬ್ಬರ ಏರತೊಡಗಿತು. ನೀರು ಕಟ್ಟದ ಹೊರಮೈಗೆ ಒರಗಿ ಒಂದೊಂದೇ ಕಲ್ಲು ಮುಳುಗಿಸುತ್ತ ಬಂತು. ಅಕ್ಕ ಗದ್ದೆಯ ಕಡೆಗೆ ಇಳಿದು, ಬಾಗಿಲ ಬುಡಕ್ಕೆ ಅಂಗೈ ಒತ್ತಿ ಬಹಳ ಹೊತ್ತು ಹಿಡಿದರು. ಆಮೇಲೆ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದರು.

ಒಣಗಿಯೇ ಇತ್ತು.